ಇಪ್ಪತ್ತು ಟನ್ನಿನ ತಂಟೆಕೋರ

ಮೆಕ್‌ವಾರಿಯರ್ ಆನ್‌ಲೈನ್ ಆಟಕ್ಕೆ ಹೊಸದಾಗಿ ಬಂದವರಲ್ಲಿ ಎರಡು ಬಗೆ. ಕೆಲವರು ಸೀದಾ ಹೋಗಿ 100 ಟನ್ನಿನ ಅಟ್ಲಾಸ್ ಹತ್ತುತ್ತಾರೆ. ಇನ್ನು ಕೆಲವರು ವೇಗದ ಆಸೆಗೆ ಬಿದ್ದು 20 ಟನ್ನಿನ ಲೋಕಸ್ಟ್ ಹಿಡಿಯುತ್ತಾರೆ. ಪಂದ್ಯ ಶುರುವಾಗಿ ಒಂದೆರಡು ನಿಮಿಷದಲ್ಲೇ ಸತ್ತು, ಮಿಕ್ಕ ಹನ್ನೊಂದು ಜನ ಆಡುವುದನ್ನು ನೋಡುತ್ತ ಕೂರುತ್ತಾರೆ. ಈ ಬರಹ ಈ ಎರಡನೆಯ ಬಗೆಯವರಿಗೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಳಗೆ ಕೂತು ನಡೆಸುವ ಲೋಹದ ದೈತ್ಯಯಂತ್ರಕ್ಕೆ ಇಲ್ಲಿ ಮೆಕ್ ಎನ್ನುತ್ತಾರೆ. ಹನ್ನೆರಡು ಜನರ ಎರಡು ತಂಡಗಳು ಎದುರುಬದುರು ನಿಲ್ಲುತ್ತವೆ. ಆಟವನ್ನು ಕೆನಡಾದ ಪಿರಾನ್ಹಾ ಗೇಮ್ಸ್ 2013ರಲ್ಲಿ ಬಿಡುಗಡೆ ಮಾಡಿತು. ಅದರ ಬೇರು ಇರುವುದು ಅಮೆರಿಕದ ಬ್ಯಾಟಲ್‌ಟೆಕ್ ಎಂಬ ಬೋರ್ಡ್ ಗೇಮಿನಲ್ಲಿ. ಅದು 1984ರಲ್ಲಿ ಬೇರೆ ಹೆಸರಿನಿಂದ ಹುಟ್ಟಿದ್ದು. 20ರಿಂದ 35 ಟನ್ನಿನವು ಲೈಟ್, 80 ಮತ್ತು ಅದಕ್ಕೂ ಮೇಲಿನವು ಅಸಾಲ್ಟ್, ನಡುವೆ ಮೀಡಿಯಂ ಮತ್ತು ಹೆವಿ.

ಲೈಟ್ ಎಷ್ಟು ಬಡಪಾಯಿ ಎಂಬುದನ್ನು ಮೊದಲು ಅಂಕಿಗಳಲ್ಲೇ ನೋಡಿಬಿಡೋಣ. ಮಾದರಿಗೆ ತಕ್ಕಂತೆ ಸಿಗುವ ಹೆಚ್ಚುವರಿ ಬಲವನ್ನು ಬದಿಗಿಟ್ಟರೆ, ಅಟ್ಲಾಸ್ ಹೊರಬಲ್ಲ ಕವಚ 614 ಅಂಕ, ಲೋಕಸ್ಟ್‌ನದು ಬರೀ 138. ಅದರ ಒಂದು ಕಾಲಿಗೆ ದಕ್ಕುವುದು 16 ಅಂಕ. ಎಸಿ/20 ಎಂಬ ಫಿರಂಗಿಯ ಒಂದು ಗುಂಡಿನ ಪೆಟ್ಟು 20. ಎಂದರೆ ಒಂದೇ ಗುಂಡಿಗೆ ಕಾಲಿನ ಕವಚ ಪೂರ್ತಿ ಹಾರಿ ಒಳಗಿನ ಎಲುಬೂ ಬಿರುಕು ಬಿಡುತ್ತದೆ. ಒಂದು ಕಾಲು ಹೋದರೆ ಕುಂಟು, ಎರಡೂ ಹೋದರೆ ಸಾವು. ಅನುಭವಿಗಳು ಲೈಟ್ ಕಂಡೊಡನೆ ಎದೆ ಬಿಟ್ಟು ಕಾಲಿಗೇ ಗುರಿ ಇಡುವುದು ಇದಕ್ಕೇ.

ವೇಗವೇ ಕಾಪಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ದೊಡ್ಡ ಎಂಜಿನ್ ಹಾಕಿಸಿದರೆ ಲೋಕಸ್ಟ್ ಗಂಟೆಗೆ 150 ಕಿಲೋಮೀಟರ್ ದಾಟುತ್ತದೆ. ಮೂಲ ಎಂಜಿನ್ನಿನ ಅಟ್ಲಾಸ್ 50ನ್ನೂ ಮುಟ್ಟುವುದಿಲ್ಲ. ಆದರೆ ಅದೇ 150ರಲ್ಲಿ ಶತ್ರುವಿನತ್ತ ನೇರವಾಗಿ ನುಗ್ಗಿದರೆ ಅವನು ಕೈ ಅಲುಗಿಸಬೇಕಾಗಿಲ್ಲ. ಅವನ ಕಣ್ಣಿಗೆ ನೀವು ನಿಂತಲ್ಲೇ ದೊಡ್ಡದಾಗುತ್ತಿರುವ ಗುರಿ, ಅಷ್ಟೆ. ಉಳಿಸುವುದು ಅಡ್ಡ ಓಟ. 400 ಮೀಟರ್ ದೂರದಲ್ಲಿ ಸುತ್ತು ಹಾಕಿದರೆ ಅವನು ಸೆಕೆಂಡಿಗೆ ಆರು ಡಿಗ್ರಿ ತಿರುಗಿದರೆ ಸಾಕು. 60 ಮೀಟರಿಗೆ ಇಳಿದು ಸುತ್ತಿದರೆ ನಲವತ್ತು ಡಿಗ್ರಿ ತಿರುಗಬೇಕು, ಅಸಾಲ್ಟ್ ಮೆಕ್‌ನ ಭಾರದ ಸೊಂಟಕ್ಕೆ ಅದು ಕಷ್ಟ. ಹಾಗಾಗಿ ಲೈಟ್ ಆಟಗಾರನಿಗೆ ಎರಡೇ ಜಾಗ ಕ್ಷೇಮ: ಗೋಡೆಯ ಮರೆ, ಇಲ್ಲವೇ ದೈತ್ಯನ ಕಾಲ ಬುಡ. ನಡುವಣ ಬಯಲನ್ನು ದಾಟಬೇಕೇ ಹೊರತು ಅಲ್ಲಿ ತಂಗಬಾರದು. ಸ್ಟಾರ್ಮ್‌ಕ್ರೋದಂಥ ಮೀಡಿಯಂ ಮೆಕ್‌ಗೆ ತಾನಾಗಿ ಬೆನ್ನಟ್ಟುವ ಸ್ಟ್ರೀಕ್ ಕ್ಷಿಪಣಿ ತುಂಬಿಕೊಂಡು ಬಂದವರ ಮುಂದೆ ಮಾತ್ರ ಈ ಜ್ಯಾಮಿತಿ ನಡೆಯುವುದಿಲ್ಲ. ಅಂಥವರನ್ನು ಕಂಡರೆ ವಾದ ಬೇಡ, ಓಡಿ.

ಇನ್ನು ಹೊಡೆಯುವುದು. ಅಟ್ಲಾಸ್‌ನ ಮಧ್ಯದೇಹದ 124 ಅಂಕದ ಕವಚವನ್ನು ಎದೆಗೂ ಬೆನ್ನಿಗೂ ಹಂಚಬೇಕು. ಬಹುಪಾಲು ಆಟಗಾರರು ಎದೆಗೆ ಸುರಿದು ಬೆನ್ನಿಗೆ ತೆಳು ಪದರ ಬಿಡುತ್ತಾರೆ. ಲೈಟ್‌ನ ಪುಟ್ಟ ಲೇಸರ್‌ಗಳಿಗೆ ಬಾಗಿಲು ಅಲ್ಲಿದೆ. ಇನ್ನೊಂದು ಅನುಕೂಲವೂ ಉಂಟು. ತಂಡಗಳೆರಡೂ ಒಂದರ ಬೆನ್ನು ಇನ್ನೊಂದು ಹಿಡಿಯಲು ಒಂದೇ ದಿಕ್ಕಿನಲ್ಲಿ ಸುತ್ತುವ ಚಾಳಿ ಈ ಆಟದಲ್ಲಿ ಹಳೆಯದು. ಅಮೆರಿಕದ ಕಾರ್ ರೇಸಿನ ನೆನಪಿನಲ್ಲಿ ಆಟಗಾರರು ಅದನ್ನು ನಾಸ್ಕಾರ್ ಎಂದು ಗೇಲಿ ಮಾಡುತ್ತಾರೆ. ಹಾಗೆ ಸುತ್ತುವಾಗ ನಿಧಾನದ ಅಸಾಲ್ಟ್ ಬಾಲದಲ್ಲಿ ಒಂಟಿಯಾಗುತ್ತದೆ. ಲೈಟ್‌ಗೆ ಅದು ಊಟದ ಎಲೆ ಹಾಕಿದಂತೆ. ನಿಮ್ಮ ಪಕ್ಷದ ಅಸಾಲ್ಟ್ ಬಾಲದಲ್ಲಿ ಉಳಿದಿದ್ದರೆ ಅಲ್ಲಿಗೆ ಹಿಂದಿರುಗುವುದೂ ನಿಮ್ಮದೇ ಕೆಲಸ. ಬೇಗ ತಲುಪಬಲ್ಲವರು ಬೇರೆ ಯಾರೂ ಇಲ್ಲ. ಇದನ್ನು ಮಾಡುವವರು ಕಡಿಮೆ.

ಆದರೆ ನನ್ನ ಮಟ್ಟಿಗೆ ಲೈಟ್‌ನ ಮುಖ್ಯ ಕಸುಬು ಕೊಲ್ಲುವುದಲ್ಲ, ಕಾಣುವುದು. ನೀವು ಕಂಡ ಶತ್ರುವಿನ ಮೇಲೆ ಆರ್ ಕೀಲಿ ಒತ್ತಿ ಗುರಿ ಹಿಡಿದರೆ ಮಾತ್ರ ಅವನು ಇಡೀ ತಂಡದ ರಾಡಾರಿಗೆ ಬರುತ್ತಾನೆ. ಹಿಡಿದುಕೊಂಡಿದ್ದರೆ ಅವನ ಆಯುಧಗಳೂ ಎಲ್ಲಿ ಕವಚ ಹರಿದಿದೆ ಎಂಬುದೂ ತಿಳಿಯುತ್ತವೆ. ಗುಡ್ಡದ ಆಚೆ ನಿಂತ ಗೆಳೆಯನ ದೂರಗಾಮಿ ಕ್ಷಿಪಣಿಗಳು ನಿಮ್ಮ ಕಣ್ಣಿನಿಂದಲೇ ಗುರಿ ಕಾಣುತ್ತವೆ. ನಾರ್ಕ್ ಎಂಬ ಬೀಕನ್ ಅಂಟಿಸಿದರೆ ಶತ್ರು ಮರೆಗೆ ಸರಿದರೂ ಸ್ವಲ್ಪ ಹೊತ್ತು ತಪ್ಪಿಸಿಕೊಳ್ಳಲಾರ. ಹತ್ತು ಸೆಕೆಂಡು ಇಣುಕಿ, ಗುರಿ ತೋರಿಸಿ, ಒಂದೂ ಗುಂಡು ಹಾರಿಸದೆ ಸರಿದವನು ಅಷ್ಟರಲ್ಲಿ ಮಾಡಿದ ಉಪಕಾರ ಅಂಕಪಟ್ಟಿಯ ಡ್ಯಾಮೇಜ್ ಕಾಲಮಿನಲ್ಲಿ ಕಾಣುವುದಿಲ್ಲ. ಆ ಕಾಲಂ ನೋಡಿ ಲೈಟ್ ಆಟಗಾರನನ್ನು ಬೈಯುವವರಿಗೆ ಆಟ ಅರ್ಥವಾಗಿಲ್ಲ ಎಂದೇ ನನ್ನ ತೀರ್ಮಾನ.

ಕಾಟ ಕೊಡುವುದೂ ಹೀಗೆಯೇ. ಬೆನ್ನ ಹಿಂದೆ ಬಂದ ಲೋಕಸ್ಟ್ ಒಂದನ್ನು ಅಟ್ಟಲು ಮೂರು ಭಾರಿ ಮೆಕ್‌ಗಳು ತಿರುಗಿದವು ಎನ್ನಿ. ಅಷ್ಟು ಹೊತ್ತು ಮುಂಚೂಣಿಯಲ್ಲಿ ನಿಮ್ಮವರು ಹನ್ನೊಂದು, ಅವರು ಒಂಬತ್ತು. ಮನುಷ್ಯರ ಸಿಟ್ಟನ್ನು ಬಳಸಿಕೊಳ್ಳುವ ಕೆಲಸ ಇದು; ಬೆನ್ನಿಗೆ ಚುಚ್ಚಿದವನನ್ನು ಸುಮ್ಮನೆ ಬಿಡುವ ಆಟಗಾರರು ವಿರಳ. ಅವರು ತಿರುಗಿದ ಕೂಡಲೇ ನೀವು ಅಲ್ಲಿರಬಾರದು. ಇನ್ನೊಂದೇ ಹೊಡೆತಕ್ಕೆ ಬಿದ್ದೇಬಿಡುತ್ತಾನೆ ಎಂಬ ದುರಾಸೆಗೆ ನಿಂತು, ಲೇಸರ್‌ಗಳ ಶಾಖ ಮಿತಿಮೀರಿ ಯಂತ್ರವೇ ಸ್ಥಗಿತಗೊಂಡು ಸತ್ತ ಲೈಟ್‌ಗಳಿಗೆ ಲೆಕ್ಕವಿಲ್ಲ.

ಪಂದ್ಯದ ಕೊನೆ ನಿಜಕ್ಕೂ ಲೈಟ್‌ನ ಕಾಲ. ಆ ಹೊತ್ತಿಗೆ ಉಳಿದವರೆಲ್ಲ ಕವಚ ಕಳಕೊಂಡು ತೂತುಬಿದ್ದಿರುತ್ತಾರೆ. 12 ಮಷಿನ್ ಗನ್ ಹೊರುವ 20 ಟನ್ನಿನ ಪಿರಾನ್ಹಾ ಎಂಬ ಮೆಕ್ ತೆರೆದ ಗಾಯಕ್ಕೆ ಬಾಯಿ ಹಾಕಿದರೆ ಕ್ಷಣದಲ್ಲಿ ಒಳಗನ್ನೆಲ್ಲ ಪುಡಿ ಮಾಡುತ್ತದೆ. ಕಾಂಕ್ವೆಸ್ಟ್ ಬಗೆಯ ಪಂದ್ಯದಲ್ಲಾದರೆ ಚದುರಿದ ಐದು ನೆಲೆಗಳನ್ನು ಹಿಡಿಯುವ ಆಟ ಬೇರೆ ಇದೆ. ಭಾರಿ ಮೆಕ್‌ಗಳು ತೆವಳುವಷ್ಟರಲ್ಲಿ ಲೈಟ್ ಎರಡು ನೆಲೆ ತಿರುಗಿಸಿರುತ್ತದೆ. ಎಲ್ಲಕ್ಕೂ ಷರತ್ತು ಒಂದೇ, ಅಲ್ಲಿಯವರೆಗೆ ಬದುಕಿರಬೇಕು.

ಲೈಟ್ ಕಲಿಯುವ ಮನಸ್ಸಿದ್ದರೆ ಲೋಕಸ್ಟ್‌ನಿಂದ ಶುರು ಮಾಡಬೇಡಿ. 35 ಟನ್ನಿನ ರೇವನ್ 3ಎಲ್ ತೆಗೆದುಕೊಳ್ಳಿ. ಶತ್ರುವಿನ ಸೆನ್ಸರ್‌ಗೆ ಮಂಕು ಕವಿಸುವ ಇಸಿಎಂ ಅದರಲ್ಲಿದೆ, ನಾರ್ಕ್ ಕೂಡ ಇದೆ. ಮೊದಲ ಕೆಲವು ಪಂದ್ಯಗಳಲ್ಲಿ ಕೊಲ್ಲುವ ಗೋಜಿಗೇ ಹೋಗದೆ ಗುರಿ ತೋರಿಸುವುದನ್ನಷ್ಟೇ ಮಾಡಿ ನೋಡಿ.