ಲಂಡನ್ನಿನ ಕುಂಡಕ್ಕೆ ನಲ್ಲಿಯಿಂದಲೇ ಸುಣ್ಣ

ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬುದನ್ನು ಹೇಳುವ ಸಂಖ್ಯೆಯೇ ರಸಸಾರ, ಅಂದರೆ ಪಿಎಚ್. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಸೊರೆನ್‌ಸೆನ್ ಎಂಬ ರಸಾಯನಶಾಸ್ತ್ರಜ್ಞ ರೂಪಿಸಿದ ಈ ಅಳತೆಯಲ್ಲಿ 7 ಎಂದರೆ ತಟಸ್ಥ. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸವಿರುವುದರಿಂದ 6ರಿಂದ 7ಕ್ಕೆ ಏರುವುದು ಗಿಡದ ಮಟ್ಟಿಗೆ ಸಣ್ಣ ಬದಲಾವಣೆಯಲ್ಲ. ಕುಂಡದ ಹೆಚ್ಚಿನ ಗಿಡಗಳಿಗೆ ಒಗ್ಗುವುದು 5.5ರಿಂದ 6.5ರವರೆಗಿನ, ತುಸು ಹುಳಿಯಾದ ಮಣ್ಣು. ರಸಸಾರ 7 ದಾಟಿತೆಂದರೆ ಮಣ್ಣಿನಲ್ಲಿರುವ ಕಬ್ಬಿಣ ಕರಗದ ರೂಪಕ್ಕೆ ತಿರುಗುತ್ತದೆ. ಮ್ಯಾಂಗನೀಸ್, ಸತುಗಳ ಪಾಡೂ ಹೆಚ್ಚುಕಡಿಮೆ ಅದೇ. ಪೋಷಕಾಂಶ ಕುಂಡದಲ್ಲೇ ಇರುತ್ತದೆ, ಬೇರಿಗೆ ಮಾತ್ರ ದಕ್ಕುವುದಿಲ್ಲ.

ಗ್ರೇಟರ್ ಲಂಡನ್ನಿನಲ್ಲಿ ಹ್ಯಾರೊ, ಹೌನ್ಸ್ಲೊ ಕಡೆಯ ಭಾರತೀಯರ ಮನೆಗಳ ಕಿಟಕಿಯಂಚಿನಲ್ಲಿ ಬೆಳೆಯುವ ಕರಿಬೇವಿನ ಗಿಡದಲ್ಲಿ ಇದರ ಪರಿಣಾಮ ಚೆನ್ನಾಗಿ ಕಾಣುತ್ತದೆ. ಅಂಗಡಿಯಿಂದ ತಂದಾಗ ಹಚ್ಚಗಿದ್ದ ಗಿಡ, ಒಂದೆರಡು ವರ್ಷ ಕಳೆಯುವಷ್ಟರಲ್ಲಿ ತುದಿಯ ಚಿಗುರನ್ನೇ ಹಳದಿಯಾಗಿ ಬಿಡತೊಡಗುತ್ತದೆ. ಹತ್ತಿರದಿಂದ ನೋಡಿದರೆ ಎಲೆಯ ನರಗಳು ಇನ್ನೂ ಹಸಿರಾಗಿದ್ದು, ನರಗಳ ನಡುವಿನ ಭಾಗವಷ್ಟೇ ಬಿಳಿಚಿಕೊಂಡಿರುತ್ತದೆ. ಇದು ಕಬ್ಬಿಣದ ಕೊರತೆಯ ಗುರುತು. ಸಾರಜನಕ ಸಾಲದಾದಾಗ ಕೆಳಗಿನ ಹಳೆಯ ಎಲೆಗಳು ಮೊದಲು, ನರ ಸಮೇತ ಹಳದಿಯಾಗುತ್ತವೆ. ಡಿಸೆಂಬರಿನ ಚಳಿಗೆ, ಮಬ್ಬು ಬೆಳಕಿಗೆ ಎಲೆ ಉದುರುವುದು ಬೇರೆಯೇ ವಿಷಯ. ಅದಕ್ಕೆ ರಸಸಾರವನ್ನು ದೂರಿ ಫಲವಿಲ್ಲ.

ಕುಂಡದ ರಸಸಾರ ಏರುವುದೇಕೆ? ಲಂಡನ್ನಿನಲ್ಲಿ ಇದಕ್ಕೆ ಮುಖ್ಯ ಕಾರಣ ಮಣ್ಣಲ್ಲ, ನಲ್ಲಿಯ ನೀರು. ನಗರದ ನೀರು ಬಹುಪಾಲು ಥೇಮ್ಸ್ ಮತ್ತು ಲೀ ನದಿಗಳಿಂದ, ಉಳಿದದ್ದು ನೆಲದಡಿಯ ಸೀಮೆಸುಣ್ಣದ ಬಂಡೆಯಿಂದ ಬರುತ್ತದೆ. ಆ ನದಿಗಳಿಗೂ ಚಿಲ್ಟರ್ನ್ಸ್ ಮೊದಲಾದ ಸುಣ್ಣದ ಗುಡ್ಡಗಳಿಂದ ನೀರು ಸೇರುತ್ತದೆ. ಹೀಗಾಗಿ ನಲ್ಲಿಯಲ್ಲಿ ಬರುವುದು ಗಡಸು ನೀರು. ಕೆಟಲ್ಲಿನ ತಳದಲ್ಲಿ ವಾರದೊಳಗೆ ಕಟ್ಟುವ ಬಿಳಿ ಪೊರೆಯೇ ಅದಕ್ಕೆ ಸಾಕ್ಷಿ. ನೀರಿನ ಪಿಎಚ್ 7.5ರ ಆಸುಪಾಸು ಎಂದು ಕೇಳಿ ನೆಮ್ಮದಿಪಡುವವರಿದ್ದಾರೆ. ಗಿಡಕ್ಕೆ ಮುಖ್ಯವಾಗುವುದು ಆ ಅಂಕಿಯಲ್ಲ, ಸುಣ್ಣದ ಜೊತೆಗೆ ನೀರಿನಲ್ಲಿ ಕರಗಿರುವ, ಮಣ್ಣಿನ ಹುಳಿಯನ್ನು ಅಳಿಸುವ ಬೈಕಾರ್ಬೊನೇಟ್. ಗಿಡ ನೀರನ್ನು ಹೀರಿ ಎಲೆಯಿಂದ ಆವಿಯಾಗಿಸುತ್ತದೆ, ಸುಣ್ಣ ಕುಂಡದಲ್ಲೇ ಉಳಿಯುತ್ತದೆ.

ಉಳಿಯುವ ಸುಣ್ಣವೆಷ್ಟು ಎಂದು ತಿಳಿಯಲು ಲಂಡನ್ನಿನದೇ ಒಂದು ಹಳೆಯ ಪಾಕ ನೆರವಿಗೆ ಬರುತ್ತದೆ. ನಗರದ ದಕ್ಷಿಣಕ್ಕಿರುವ ಮರ್ಟನ್‌ನಲ್ಲಿ 1910ರಲ್ಲಿ ಜಾನ್ ಇನ್ಸ್ ತೋಟಗಾರಿಕಾ ಸಂಸ್ಥೆ ಶುರುವಾಯಿತು. ಜೆನೆಟಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದ ವಿಲಿಯಂ ಬೇಟ್‌ಸನ್ ಅದರ ಮೊದಲ ನಿರ್ದೇಶಕ. ಅಲ್ಲಿ ಪ್ರಯೋಗಕ್ಕೆಂದು ಬೆಳೆಸುತ್ತಿದ್ದ ಪ್ರಿಮುಲಾ ಸಸಿಗಳು ಸಾಯತೊಡಗಿದಾಗ, 1930ರ ದಶಕದಲ್ಲಿ ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್ ಕುಂಡದ ಮಣ್ಣನ್ನೇ ಪರೀಕ್ಷೆಗೆ ಒಡ್ಡಿದರು. ಅಲ್ಲಿಯವರೆಗೆ ಒಬ್ಬೊಬ್ಬ ತೋಟಗಾರನಿಗೆ ಒಂದೊಂದು ಗುಟ್ಟಿನ ಮಿಶ್ರಣವಿತ್ತು. ಇವರು ಏಳು ಪಾಲು ತೋಟದ ಮಣ್ಣು, ಮೂರು ಪಾಲು ಪೀಟ್ ಎಂಬ ಹುಳಿಯಾದ ಜೌಗುಮಣ್ಣು, ಎರಡು ಪಾಲು ಮರಳು ಎಂದು ಲೆಕ್ಕ ಕಟ್ಟಿ, ಗೊಬ್ಬರದ ಜೊತೆಗೆ ಸೀಮೆಸುಣ್ಣದ ಪುಡಿಗೂ ಅಳತೆ ಗೊತ್ತುಮಾಡಿದರು. ನಂಬರು ಹಚ್ಚಿದ ಈ ಮಿಶ್ರಣಗಳಲ್ಲಿ ಒಂದನೆಯದಕ್ಕೆ ಒಂದು ಬುಷೆಲ್‌ಗೆ, ಅಂದರೆ ಸುಮಾರು 36 ಲೀಟರಿಗೆ, ಮುಕ್ಕಾಲು ಔನ್ಸ್ ಸುಣ್ಣ. ಹೆಚ್ಚುಕಡಿಮೆ 21 ಗ್ರಾಂ. ಪೀಟಿನ ಹುಳಿಯನ್ನು ತಗ್ಗಿಸಲು ಅಷ್ಟು ಸಾಕಿತ್ತು. ಜಾನ್ ಇನ್ಸ್ ಹೆಸರಿನ ಚೀಲಗಳು ಇಂದಿಗೂ ಬ್ರಿಟನ್ನಿನ ಗಾರ್ಡನ್ ಸೆಂಟರುಗಳಲ್ಲಿ ಸಿಗುತ್ತವೆ.

ಈ ಅಳತೆಯಂತೆ ಐದು ಲೀಟರಿನ ಕುಂಡಕ್ಕೆ ಬೀಳುವುದು ಮೂರು ಗ್ರಾಂ ಸುಣ್ಣ. ನಲ್ಲಿಯ ಲೆಕ್ಕ ಹೀಗೆ: ಲೀಟರಿಗೆ 200 ಮಿಲಿಗ್ರಾಂ ಸುಣ್ಣಕ್ಕೆ ಸಮನಾದ ಕ್ಷಾರವಿರುವ ನೀರನ್ನು ವಾರಕ್ಕೆ ಒಂದು ಲೀಟರಿನಂತೆ ವರ್ಷವಿಡೀ ಹಾಕಿದರೆ ಹತ್ತು ಗ್ರಾಂ. ತಳದಿಂದ ಬಸಿದು ಹೋಗುವ ಪಾಲನ್ನು ಕಳೆದರೂ, ಮರ್ಟನ್‌ನವರು ತೂಗಿ ಹಾಕಿದ್ದಕ್ಕಿಂತ ಹೆಚ್ಚಿನ ಸುಣ್ಣ ಯಾರೂ ಬೆರೆಸದೆಯೇ ಸೇರಿರುತ್ತದೆ. ನೆಲದಲ್ಲಿ ಬೆಳೆದ ಗಿಡಕ್ಕೆ ಈ ತೊಂದರೆ ಕಡಿಮೆ. ಅಲ್ಲಿ ಮಣ್ಣು ಅಪಾರ, ನೀರುಣಿಸುವುದು ಮಳೆ. ರಿಚ್ಮಂಡ್ ಪಾರ್ಕಿನ ಇಸಬೆಲ್ಲಾ ಪ್ಲಾಂಟೇಷನ್ನಿನಲ್ಲಿ ನೆಲವೇ ಹುಳಿಯಾದ್ದರಿಂದ ವಸಂತದಲ್ಲಿ ಅಜೇಲಿಯಾ ಪೊದೆಗಳು ಸಾಲುಸಾಲಾಗಿ ಅರಳುತ್ತವೆ. ಅದೇ ಅಜೇಲಿಯಾ ಬಾಲ್ಕನಿಯ ಕುಂಡದಲ್ಲಿ ನಲ್ಲಿ ನೀರು ಕುಡಿದು ಸೊರಗುತ್ತದೆ.

ಆದ್ದರಿಂದ ಔಷಧಿಗಿಂತ ಮೊದಲು ನೀರನ್ನು ಬದಲಿಸುವುದು ಲೇಸು. ಮಳೆನೀರಿನ ಪಿಎಚ್ ಸುಮಾರು 5.6, ಅದರಲ್ಲಿ ಸುಣ್ಣ ಇಲ್ಲವೆನ್ನುವಷ್ಟು ಕಡಿಮೆ. ಲಂಡನ್ನಿನ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್. ಅಂದರೆ ಒಂದು ಚದರ ಮೀಟರ್ ಸೂರಿನಿಂದಲೇ 600 ಲೀಟರಿನಷ್ಟು ನೀರು. ಹಿತ್ತಲಿದ್ದವರು ಸೂರಿನ ಕೊಳವೆಗೆ ಡ್ರಮ್ಮು ಜೋಡಿಸಿಕೊಳ್ಳುತ್ತಾರೆ. ಫ್ಲಾಟಿನವರಿಗೆ ಬಾಲ್ಕನಿಯ ಬಕೆಟ್ಟೇ ಗತಿ, ಅದರಲ್ಲಿ ಒಂದೆರಡು ಗಿಡದ ಪಾಡು ನಡೆಯುತ್ತದೆ. ಮಳೆನೀರು ಸಾಲದಾದಾಗ ನೀರನ್ನು ಕೆಲವು ನಿಮಿಷ ಕುದಿಸಿ, ಆರಿಸಿ, ತಳದ ಗಸಿ ಬಿಟ್ಟು ಮೇಲಿನ ನೀರನ್ನು ಹಾಕಬಹುದು. ಕುದಿದಾಗ ಸುಣ್ಣದ ಒಂದು ಪಾಲು ಗಟ್ಟಿಯಾಗಿ ಕೆಳಗಿಳಿಯುತ್ತದೆ. ಕೆಲವು ಮನೆಗಳಲ್ಲಿ ಉಪ್ಪಿನಿಂದ ನಡೆಯುವ ನೀರು ಮೆದುಗೊಳಿಸುವ ಯಂತ್ರವಿರುತ್ತದೆ. ಅದರ ನೀರು ಮಾತ್ರ ಬೇಡ. ಸುಣ್ಣದ ಜಾಗದಲ್ಲಿ ಸೋಡಿಯಂ ಸೇರಿರುತ್ತದೆ, ಬೈಕಾರ್ಬೊನೇಟ್ ಹಾಗೆಯೇ ಇರುತ್ತದೆ.

ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವ ನಮ್ಮ ಕಡೆಯ ವಾಡಿಕೆ ಲಂಡನ್ನಿಗೂ ಹೋಗಿದೆ. ಅದರಲ್ಲಿ ಅರ್ಥವಿಲ್ಲದಿಲ್ಲ, ಮಜ್ಜಿಗೆಯ ಹುಳಿ ಮಣ್ಣಿನ ರಸಸಾರವನ್ನು ಕೆಲವು ದಿನ ಇಳಿಸುತ್ತದೆ. ಆದರೆ ಸೂಕ್ಷ್ಮಜೀವಿಗಳು ಆ ಆಮ್ಲವನ್ನು ತಿಂದು ಮುಗಿಸಿದ ಮೇಲೆ ಮಣ್ಣು ಮತ್ತೆ ಮೊದಲಿನ ಸ್ಥಿತಿಯತ್ತ ಮರಳುತ್ತದೆ. ವಿನೆಗರ್, ನಿಂಬೆರಸಗಳಿಗೂ ಇದೇ ಮಿತಿ. ಮುಚ್ಚಿದ ಕೋಣೆಯಲ್ಲಾದರೆ ವಾಸನೆ, ನೊರಜುಗಳ ಕಾಟ ಬೇರೆ. ಕುಡಿದುಳಿದ ಕಾಫಿ ಗಸಿ ಮಣ್ಣನ್ನು ಹುಳಿಯಾಗಿಸುತ್ತದೆ ಎಂಬ ನಂಬಿಕೆಯೂ ಹೆಚ್ಚು ನಿಲ್ಲದು, ಹುಳಿಯ ಬಹುಪಾಲು ಡಿಕಾಕ್ಷನ್ನಿನಲ್ಲೇ ಇಳಿದುಹೋಗಿರುತ್ತದೆ.

ಹೆಚ್ಚು ಬಾಳುವ ಪರಿಹಾರ ಗಂಧಕದ ಪುಡಿ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನಿಧಾನವಾಗಿ ಗಂಧಕಾಮ್ಲವಾಗಿಸುತ್ತವೆ. ಬೆಚ್ಚಗಿನ ತಿಂಗಳುಗಳಲ್ಲೂ ವಾರಗಟ್ಟಲೆ ಹಿಡಿಯುತ್ತದೆ, ಚಳಿಯಲ್ಲಿ ಕೆಲಸ ಬಹುತೇಕ ನಿಂತೇಹೋಗುತ್ತದೆ. ಅವಸರಪಟ್ಟು ಮತ್ತೆ ಮತ್ತೆ ಹಾಕಿದರೆ ಬೇಸಿಗೆಯಲ್ಲಿ ಒಮ್ಮೆಗೇ ಹುಳಿಯೇರಿ ಬೇರು ಸುಡುತ್ತದೆ. ಹಳದಿಯಾದ ಚಿಗುರಿಗೆ ತಕ್ಷಣ ಬೇಕಾದುದು ಚೀಲೇಟ್ ರೂಪದ, ಅಂದರೆ ಕರಗಿದ ಸ್ಥಿತಿಯಲ್ಲೇ ಹಿಡಿದಿಟ್ಟ ಕಬ್ಬಿಣ. ಅದರಲ್ಲೂ ಆಯ್ಕೆಯಿದೆ: ಇಡಿಟಿಎ ಎಂದು ಬರೆದಿರುವುದು ಕ್ಷಾರದ ಮಣ್ಣಿನಲ್ಲಿ ಬೇಗ ಬಿಡಿಯಾಗುತ್ತದೆ, ಇಡಿಡಿಎಚ್‌ಎ ಇರುವುದು ಅಲ್ಲೂ ನಿಲ್ಲುತ್ತದೆ. ಗೊಬ್ಬರದಲ್ಲಿ ಅಮೋನಿಯಂ ರೂಪದ ಸಾರಜನಕವಿದ್ದರೆ ಮಣ್ಣು ಹುಳಿಯತ್ತ ವಾಲುತ್ತದೆ, ನೈಟ್ರೇಟ್ ಇದ್ದರೆ ಕ್ಷಾರದತ್ತ.

ಇದನ್ನೆಲ್ಲ ಮಾಡುವ ಮುನ್ನ ಅಳೆದು ನೋಡಬೇಕು. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ ಅಗ್ಗದ ಮೀಟರುಗಳನ್ನು ನೆಚ್ಚುವಂತಿಲ್ಲ. ಕುಂಡದ ನಡುವಿನಿಂದ ಎರಡು ಚಮಚ ಮಣ್ಣು ತೆಗೆದು, ನಾಲ್ಕು ಚಮಚ ಡಿಸ್ಟಿಲ್ಡ್ ನೀರಿನಲ್ಲಿ ಕಲಕಿ, ಅರ್ಧ ಗಂಟೆ ಬಿಟ್ಟು ಪಿಎಚ್ ಪಟ್ಟಿ ಅದ್ದಿದರೆ ಮನೆಗೆ ಸಾಲುವಷ್ಟು ಉತ್ತರ ಸಿಗುತ್ತದೆ. ನಲ್ಲಿ ನೀರಿನಲ್ಲಿ ಕಲಕಿದರೆ ಆ ನೀರಿನ ಕ್ಷಾರವೂ ಫಲಿತಾಂಶದಲ್ಲಿ ಬೆರೆಯುತ್ತದೆ.

ಎಲ್ಲ ಗಿಡಕ್ಕೂ ಇಷ್ಟು ಉಪಚಾರ ಬೇಡ. ತುಳಸಿ, ದೊಡ್ಡಪತ್ರೆ, ಮೆಂತ್ಯ, ಕೊತ್ತಂಬರಿ ಲಂಡನ್ನಿನ ನಲ್ಲಿ ನೀರಿಗೇ ಹೊಂದಿಕೊಳ್ಳುತ್ತವೆ. ಲ್ಯಾವೆಂಡರಿಗಂತೂ ಸುಣ್ಣವೆಂದರೆ ಪ್ರೀತಿ. ಕೂಡಿಟ್ಟ ಮಳೆನೀರನ್ನು ಕರಿಬೇವು, ನಿಂಬೆ, ಗಾರ್ಡೇನಿಯಾ, ಕ್ಯಾಮೆಲಿಯಾಗಳಿಗೆ ಮೀಸಲಿಡಬಹುದು. ಕ್ಯಾಮೆಲಿಯಾ, ಅಜೇಲಿಯಾಗಳನ್ನು ನೆಡುವಾಗ ಸುಣ್ಣ ಬೆರೆಸದ ಎರಿಕೇಷಿಯಸ್ ಕಾಂಪೋಸ್ಟ್ ಕೊಳ್ಳಬೇಕು. ಕುಂಡದ ಮೇಲ್ಮೈಯಲ್ಲಿ ಬಿಳಿ ಹೊಪ್ಪಳೆ ಕಟ್ಟಿದ್ದರೆ ಮೇಲಿನ ಎರಡು ಬೆರಳಿನಷ್ಟು ಮಣ್ಣು ಕೆರೆದು ಹೊಸದು ತುಂಬಿದರೆ ಒಂದು ವರ್ಷ ನಡೆಯುತ್ತದೆ. ಎರಡು ವರ್ಷಕ್ಕೊಮ್ಮೆ, ಚಿಗುರೊಡೆಯುವ ಮುನ್ನ ಮಾರ್ಚ್–ಏಪ್ರಿಲ್‌ನಲ್ಲಿ, ಗಿಡವನ್ನು ಹೊರತೆಗೆದು ಬೇರಿನ ಸುತ್ತಲ ಹಳೆಯ ಮಣ್ಣು ಉದುರಿಸಿ ಹೊಸ ಮಿಶ್ರಣಕ್ಕೆ ಬದಲಿಸುವುದು ರೂಢಿ.