ಮುರಿಯುವುದು ಬೋಲ್ಟ್, ಸವೆದಿರುವುದು ಅಲ್ಯೂಮಿನಿಯಂ

ಔಟ್‌ಬೋರ್ಡ್ ಎಂಜಿನ್ನಿನ ಥರ್ಮೋಸ್ಟಾಟ್ ಮುಚ್ಚಳ ಬಿಚ್ಚುವುದು ದೊಡ್ಡ ಕೆಲಸವೇನಲ್ಲ. ಕೆಲವು ಸಣ್ಣ ಬೋಲ್ಟು, ಒಂದು ಗ್ಯಾಸ್ಕೆಟ್, ಅಷ್ಟೇ. ಆದರೆ ಅದರಲ್ಲೊಂದು ಬೋಲ್ಟು ಸ್ಪ್ಯಾನರಿಗೆ ಬಗ್ಗದೆ ‘ಟಕ್’ ಎಂದು ಕಟ್ಟಾಗಿ, ತಲೆ ಕೈಗೆ ಬಂದು ಉಳಿದ ತುಂಡು ಎಂಜಿನ್ನಿನ ಮೈಯೊಳಗೇ ಉಳಿದರೆ, ಅರ್ಧ ಗಂಟೆಯ ಕೆಲಸ ಎರಡು ದಿನಕ್ಕೆ ಎಳೆಯುತ್ತದೆ.

ಮಲ್ಪೆ, ಗಂಗೊಳ್ಳಿ, ಭಟ್ಕಳದ ನಾಡದೋಣಿಯವರಿಗೆ ಎರಡು ದಿನ ಸಣ್ಣ ನಷ್ಟವಲ್ಲ. ಜೂನ್–ಜುಲೈನಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ, 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ಸಾಂಪ್ರದಾಯಿಕ ದೋಣಿಗಳಿಗೆ ಕಡಲಿಗಿಳಿಯಲು ಅವಕಾಶವಿದೆ. ಮಳೆಗಾಲದಲ್ಲಿ ಅಲೆ ತಗ್ಗಿ ದೋಣಿ ಇಳಿಸಬಹುದಾದ ದಿನಗಳೇ ಕಡಿಮೆ. ಆ ದಿನಗಳಲ್ಲೇ ಎಂಜಿನ್ ವರ್ಕ್‌ಶಾಪಿನಲ್ಲಿ ಬಿಚ್ಚಿ ಬಿದ್ದಿದ್ದರೆ ಮನೆಯ ಲೆಕ್ಕಾಚಾರವೇ ಏರುಪೇರು.

ಬೋಲ್ಟು ಕಟ್ಟಾದಾಗ ಬೈಗುಳವೆಲ್ಲ ಬೋಲ್ಟಿಗೇ. ಮಾಲು ಸರಿಯಿಲ್ಲ, ತುಕ್ಕು ಹಿಡಿದಿತ್ತು ಎನ್ನುತ್ತಾರೆ. ಆದರೆ ಆ ತುಂಡನ್ನು ಹೇಗೋ ಹೊರತೆಗೆದು ಬಟ್ಟೆಯಲ್ಲಿ ಒರೆಸಿ ನೋಡಿದರೆ ಹಲವು ಸಲ ಅದರ ಥ್ರೆಡ್ಡುಗಳು ಹೊಸದರಂತೆ ಹೊಳೆಯುತ್ತಿರುತ್ತವೆ. ಸುತ್ತ ಅಂಟಿರುವುದು ಸುಣ್ಣದಂಥ ಬಿಳಿ ಪುಡಿ. ಅದು ಬೋಲ್ಟಿನ ತುಕ್ಕಲ್ಲ. ಬೋಲ್ಟನ್ನು ಹಿಡಿದುಕೊಂಡಿದ್ದ ಎಂಜಿನ್ನಿನ ಮೈ ಸವೆದು ಆದ ಪುಡಿ.

ದೋಣಿಯ ಹಿಂಬದಿಗೆ ತೂಗುಹಾಕುವ ಎಂಜಿನ್ ಹಗುರವಾಗಿರಬೇಕು, ಹಾಗಾಗಿ ಅದರ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದು. ಬೋಲ್ಟುಗಳು ಗಟ್ಟಿಯಾಗಿರಬೇಕು, ತುಕ್ಕು ಹಿಡಿಯಬಾರದು, ಹಾಗಾಗಿ ಅವು ಸ್ಟೇನ್‌ಲೆಸ್ ಸ್ಟೀಲ್. ಬಿಡಿಬಿಡಿಯಾಗಿ ನೋಡಿದರೆ ಎರಡೂ ಒಳ್ಳೆಯ ಆಯ್ಕೆಯೇ. ಆದರೆ ಈ ಎಂಜಿನ್ ತಣ್ಣಗಾಗುವುದು ಸಮುದ್ರದ ನೀರಿನಿಂದಲೇ. ಕೆಳಗಿನ ರಬ್ಬರ್ ಇಂಪೆಲ್ಲರ್ ನೀರೆಳೆದು ಮೇಲಕ್ಕೆ ತಳ್ಳುತ್ತದೆ, ಅದು ಸಿಲಿಂಡರಿನ ಸುತ್ತ ಹರಿದು ಹೊರಬೀಳುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಆ ನೀರು ಬೋಲ್ಟಿನ ಸಂದಿಗೆ ಒಸರುತ್ತದೆ. ಎರಡು ಬೇರೆ ಬೇರೆ ಲೋಹಗಳು, ನಡುವೆ ಉಪ್ಪುನೀರು: ಟಾರ್ಚಿನ ಸೆಲ್ಲಿನೊಳಗೆ ಇರುವ ಏರ್ಪಾಡೂ ಇಂಥದ್ದೇ. ಸಮುದ್ರದ ನೀರಿನಲ್ಲಿ ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲಿನ ನಡುವೆ ಅರ್ಧ ವೋಲ್ಟಿಗೂ ಮಿಕ್ಕ ಅಂತರವಿರುತ್ತದೆ. ಈ ಜೋಡಿಯಲ್ಲಿ ಇಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುವ ಪಾಳಿ ಅಲ್ಯೂಮಿನಿಯಂನದು.

ಕರಗಿದ್ದು ನೀರಿನಲ್ಲಿ ಹರಿದುಹೋದರೆ ಬೋಲ್ಟು ಸಡಿಲವಾಗಬೇಕಿತ್ತು. ಆಗುವುದು ಇದಕ್ಕೆ ತದ್ವಿರುದ್ಧ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗಿ ಮಾರ್ಪಟ್ಟಾಗ ಮೊದಲಿನ ಲೋಹಕ್ಕಿಂತ ಸುಮಾರು ಮೂರು ಪಟ್ಟು ಜಾಗ ಬೇಡುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಇರುವುದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು ಜಾಗ. ಹಿಗ್ಗಲು ಎಡೆಯಿಲ್ಲದ ಪುಡಿ ಒತ್ತಿಕೊಂಡು ಕಲ್ಲಾಗುತ್ತದೆ.

ಉಪ್ಪುನೀರಿನಲ್ಲಿ ಎರಡು ಲೋಹ ತಾಗಿಕೊಂಡಿದ್ದರೆ ಒಂದು ಸವೆಯುತ್ತದೆ ಎಂಬ ಪಾಠವನ್ನು ಬ್ರಿಟಿಷ್ ನೌಕಾಪಡೆ ದುಬಾರಿ ಬೆಲೆ ತೆತ್ತು ಕಲಿತಿತ್ತು. ಮರ ಕೊರೆಯುವ ಹುಳುಗಳಿಂದ ಹಡಗನ್ನು ಕಾಪಾಡಲೆಂದು 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಲಾಯಿತು. ವೆಸ್ಟ್ ಇಂಡೀಸ್‌ಗೆ ಹೋಗಿಬಂದ ಹಡಗನ್ನು 1763ರಲ್ಲಿ ಪರೀಕ್ಷಿಸಿದಾಗ, ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕೊಳೆತು ಹಿಟ್ಟಿನಂತಾಗಿದ್ದವು. ಕೆಲವು ಮೊಳೆಗಳು ಮಾತ್ರ ಗಟ್ಟಿಯಾಗಿದ್ದವು. ತಗಡಿಗೆ ಸುತ್ತಿ ಬಂದಿದ್ದ ಕಂದು ಕಾಗದ ಅಲ್ಲಲ್ಲಿ ಹರಿಯದೆ ಉಳಿದು, ತಾಮ್ರಕ್ಕೂ ಕಬ್ಬಿಣಕ್ಕೂ ನಡುವೆ ತಡೆಯಾಗಿತ್ತು. ವೋಲ್ಟಾ ತನ್ನ ಬ್ಯಾಟರಿಯನ್ನು ಜಗತ್ತಿಗೆ ತಿಳಿಸಿದ್ದು 1800ರಲ್ಲಿ. ಅದಕ್ಕೂ ಮೂರೂವರೆ ದಶಕ ಮೊದಲೇ ಒಂದು ಕಾಗದದ ಚೂರು ಪರಿಹಾರವನ್ನು ತೋರಿಸಿಕೊಟ್ಟಿತ್ತು.

‘ಅಲಾರ್ಮ್’ ಹಡಗಿನಲ್ಲಿ ತಾಮ್ರದ ಹರವು ದೊಡ್ಡದು, ಸವೆಯುವ ಮೊಳೆ ಚಿಕ್ಕದು, ಹಾಗಾಗಿ ಮೊಳೆ ಬೇಗನೆ ಮುಗಿದುಹೋಯಿತು. ಔಟ್‌ಬೋರ್ಡಿನಲ್ಲಿ ಲೆಕ್ಕ ಉಲ್ಟಾ. ಸವೆಯುವ ಅಲ್ಯೂಮಿನಿಯಂ ಹೇರಳ, ಸ್ಟೇನ್‌ಲೆಸ್ ಬೋಲ್ಟು ಪುಟ್ಟದು. ಇಡೀ ಎಂಜಿನ್ ವರ್ಷಗಟ್ಟಲೆ ಬಾಳುವುದು ಇದರಿಂದಲೇ. ಹಾನಿಯೆಲ್ಲ ಬೋಲ್ಟಿನ ಅಂಚಿನ ಕೂದಲೆಳೆಯಷ್ಟು ಜಾಗದಲ್ಲಿ ನಡೆಯುತ್ತದೆ, ಹೊರಗಿನಿಂದ ನೋಡಿದವರಿಗೆ ತಿಳಿಯುವುದೇ ಇಲ್ಲ.

ಇನ್ನು ಮುರಿಯುವ ಕ್ಷಣ. 6 ಮಿ.ಮೀ. ವ್ಯಾಸದ, 70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು ಕನಿಷ್ಠ 13 ನ್ಯೂಟನ್-ಮೀಟರ್ ಟಾರ್ಕ್ ತಾಳಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಮಾನಕ. ಕೇಳಲು ದೊಡ್ಡದೆನಿಸಿದರೂ, 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ ಅದು ಆರೂವರೆ ಕಿಲೋ ಭಾರದಷ್ಟು ಮಾತ್ರ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿದರೆ ಎರಡು ಬೆರಳಿನ ಒತ್ತಡವೇ ಸಾಕಾದೀತು. ಪಳಗಿದ ಮೆಕ್ಯಾನಿಕ್‌ನ ಕೈಗೆ ಬೋಲ್ಟು ಮುಂಚಿತವಾಗಿಯೇ ಸುಳಿವು ಕೊಡುತ್ತದೆ. ಮೊದಲು ಸ್ಪ್ರಿಂಗಿನಂತೆ ತುಸು ತಿರುಗಿ, ಬಿಟ್ಟಾಗ ಹಿಂದಕ್ಕೆ ಬರುತ್ತದೆ. ಆಗ ನಿಲ್ಲಿಸಿದರೆ ಏನೂ ಕೆಟ್ಟಿರುವುದಿಲ್ಲ. ಇನ್ನೂ ಒತ್ತಿದರೆ ಪ್ರತಿರೋಧ ಒಮ್ಮೆಲೇ ಮೆತ್ತಗಾಗುತ್ತದೆ. ಬೋಲ್ಟು ಸಡಿಲವಾಯಿತೆಂದು ಹೊಸಬರು ಖುಷಿಪಡುವುದು ಇಲ್ಲಿಯೇ. ವಾಸ್ತವದಲ್ಲಿ ತಲೆ ತಿರುಗುತ್ತಿರುತ್ತದೆ, ತುದಿ ಕದಲಿರುವುದಿಲ್ಲ. ನಡುವಿನ ಲೋಹ ಹಿಂಡಿಕೊಳ್ಳುತ್ತಿರುತ್ತದೆ.

ಹಾಗಾಗಿ ಬಲಕ್ಕಿಂತ ಬಿಸಿ ಮೇಲು. ಬಿಸಿಯಾದಾಗ ಅಲ್ಯೂಮಿನಿಯಂ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗುತ್ತದೆ, ಸ್ಟೇನ್‌ಲೆಸ್ ಸುಮಾರು 17 ಪಾಲು. 6 ಮಿ.ಮೀ. ರಂಧ್ರವನ್ನು 150 ಡಿಗ್ರಿಯಷ್ಟು ಬಿಸಿ ಮಾಡಿದರೆ ಬೋಲ್ಟಿಗಿಂತ ರಂಧ್ರ ಹೆಚ್ಚು ಅಗಲವಾಗುವುದು ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲು. ಅಷ್ಟರಿಂದ ಬೋಲ್ಟು ಸಡಿಲವಾಗದು ನಿಜ. ಆದರೆ ಕಲ್ಲಾದ ಪುಡಿಗೆ ಹಿಗ್ಗುವ ಗುಣವಿಲ್ಲ, ಅದು ಬಿರುಕು ಬಿಡುತ್ತದೆ. ಆ ಬಿರುಕಿಗೆ ತೆಳು ಎಣ್ಣೆ ಇಳಿಯುತ್ತದೆ. ಬಿಸಿ ಮಾಡಿ, ಆರಿಸಿ, ಎಣ್ಣೆ ಬಿಟ್ಟು, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತುಸುತುಸುವೇ ಅಲ್ಲಾಡಿಸುವುದು ನಿಧಾನದ ದಾರಿ, ಆದರೆ ಫಲ ಕೊಡುವ ದಾರಿ. ಇಂಧನದ ಟ್ಯಾಂಕು ಮತ್ತು ಪೈಪುಗಳನ್ನು ಮೊದಲೇ ದೂರ ಸಾಗಿಸಿರಬೇಕು. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ. ಬಣ್ಣ ಬದಲಿಸದೆಯೇ ಕರಗಿ ಕುಸಿದುಬಿಡುತ್ತದೆ.

ಅಷ್ಟಾದರೂ ಕಟ್ಟಾದರೆ? ತುಂಡಿನ ತುದಿ ತುಸುವಾದರೂ ಹೊರಗಿದ್ದರೆ ಅದೃಷ್ಟ. ಅದರ ಮೇಲೆ ಒಂದು ನಟ್ ಇಟ್ಟು, ನಡುವೆ ವೆಲ್ಡ್ ತುಂಬುತ್ತಾರೆ. ಸ್ಟೀಲಿನ ವೆಲ್ಡ್ ಅಲ್ಯೂಮಿನಿಯಂಗೆ ಸುಲಭವಾಗಿ ಕೂಡಿಕೊಳ್ಳುವುದಿಲ್ಲ, ಹಾಗಾಗಿ ಎಂಜಿನ್ನಿನ ಮೈಗೆ ಅಂಟುವ ಭಯ ಕಡಿಮೆ. ಈ ಸಲ ಬಿಸಿ ಏರುವುದು ಬೋಲ್ಟಿಗೇ. ಅದು ಹಿಗ್ಗಿ ಪುಡಿಯನ್ನು ನುರಿಸಿ, ಆರಿದಾಗ ಕುಗ್ಗುತ್ತದೆ. ಆಗ ಸ್ಪ್ಯಾನರಿಗೆ ಹೊಸ ತಲೆಯೂ ಸಿಕ್ಕಿರುತ್ತದೆ. ಒಳ್ಳೆಯ ವೆಲ್ಡರ್ ಇದ್ದ ಕಡೆ ಡ್ರಿಲ್ ಮುಟ್ಟುವ ಮೊದಲು ಇದನ್ನೇ ಮಾಡಿ ನೋಡಬೇಕು.

ತುಂಡು ಮೇಲ್ಮೈಗೆ ಸಮವಾಗಿ ಕಟ್ಟಾಗಿದ್ದರೆ ಡ್ರಿಲ್ಲೇ ಗತಿ. ಬೋಲ್ಟು ಗಟ್ಟಿ, ಸುತ್ತಲಿನ ಅಲ್ಯೂಮಿನಿಯಂ ಮೆದು. ನಡುವಿನಿಂದ ಕೂದಲಷ್ಟು ಜಾರಿದರೂ ಬಿಟ್ ಮೆದುವಿನ ಕಡೆಗೇ ವಾಲಿ ಎಂಜಿನ್ನನ್ನೇ ಕೊರೆಯುತ್ತದೆ. ಸ್ಟೇನ್‌ಲೆಸ್‌ಗೆ ಇನ್ನೊಂದು ಹಟವಿದೆ: ಬಿಟ್ ಕೊರೆಯದೆ ಬರೀ ಉಜ್ಜುತ್ತಿದ್ದರೆ ಆ ಜಾಗ ಇನ್ನಷ್ಟು ಗಡಸಾಗುತ್ತದೆ. ಆದ್ದರಿಂದ ಸೆಂಟರ್ ಪಂಚ್‌ನಿಂದ ನಟ್ಟನಡುವೆ ಗುರುತು ಹಾಕಿ, ವೇಗ ತಗ್ಗಿಸಿ, ಗಟ್ಟಿಯಾಗಿ ಒತ್ತಿ, ಎಣ್ಣೆ ಬಿಡುತ್ತ ಕೊರೆಯಬೇಕು. ಎಡಸುತ್ತಿನ ಬಿಟ್ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಬಿಚ್ಚುವ ದಿಕ್ಕಿಗೇ ತಿರುಗುವುದರಿಂದ, ಕೊರೆಯುತ್ತಿರುವಾಗಲೇ ಬಿಟ್ಟಿನ ಜೊತೆ ತುಂಡೂ ಕೆಲವೊಮ್ಮೆ ಸುತ್ತಿಕೊಂಡು ಹೊರಬರುತ್ತದೆ.

ಅಂಗಡಿಯಲ್ಲಿ ಸಿಗುವ ಎಕ್ಸ್‌ಟ್ರ್ಯಾಕ್ಟರ್ ಮಾತ್ರ ಕೊನೆಯ ಆಸರೆಯಾಗಿರಲಿ. ಕೊರೆದ ತೂತಿಗೆ ಸಿಕ್ಕಿಸಿ ತಿರುಗಿಸುವ ಈ ಸಾಧನ ತುಂಬ ಗಡಸು, ಅಷ್ಟೇ ಪೆಡಸು. ಇಡೀ ಬೋಲ್ಟಿಗೇ ಜಗ್ಗದ ಥ್ರೆಡ್ಡು ಅದಕ್ಕಿಂತ ಸಣ್ಣ ಕಡ್ಡಿಗೆ ಜಗ್ಗುವುದು ಅಪರೂಪ. ಅದು ಒಳಗೇ ಮುರಿದರೆ ಮಾಮೂಲಿ ಬಿಟ್ ಅದನ್ನು ಕಚ್ಚುವುದಿಲ್ಲ. ಆಗ ವಿದ್ಯುತ್ ಕಿಡಿಗಳಿಂದ ಲೋಹವನ್ನು ಕಣಕಣವಾಗಿ ಕೀಳುವ ಸ್ಪಾರ್ಕ್ ಯಂತ್ರವಿರುವ ವರ್ಕ್‌ಶಾಪ್ ಹುಡುಕಬೇಕು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಸೋವಿಯತ್ ವಿಜ್ಞಾನಿ ದಂಪತಿ ಬೋರಿಸ್ ಮತ್ತು ನತಾಲಿಯಾ ಲಜರೆಂಕೊ ರೂಪಿಸಿದ ವಿಧಾನವದು. ಲೋಹ ಎಷ್ಟೇ ಗಡಸಾಗಿರಲಿ, ವಿದ್ಯುತ್ ಹರಿದರೆ ಅದಕ್ಕೆ ಸಾಕು.

ತುಂಡು ಬಂದ ಮೇಲೆ ಹಳೆಯ ಥ್ರೆಡ್ಡು ಉಳಿದಿರುವುದು ಕಡಿಮೆ. ರಂಧ್ರವನ್ನು ತುಸು ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ಡು ಹಾಕಿ, ಸುರುಳಿ ತಂತಿಯ ಇನ್ಸರ್ಟ್ ಕೂರಿಸಿದರೆ ಹಳೆಯ ಅಳತೆಯ ಬೋಲ್ಟೇ ಮತ್ತೆ ಹಿಡಿಯುತ್ತದೆ. ಆದರೆ ಆ ಸುರುಳಿಯೂ ಸ್ಟೇನ್‌ಲೆಸ್ಸೇ. ಅದನ್ನೂ ಬೋಲ್ಟನ್ನೂ ಸಾಗರ ಬಳಕೆಯ ಗ್ರೀಸ್ ಬಳಿದೇ ಕೂರಿಸಬೇಕು. ‘ಅಲಾರ್ಮ್’ ಹಡಗಿನ ಕಾಗದ ಮಾಡಿದ ಕೆಲಸವನ್ನು ಇಲ್ಲಿ ಗ್ರೀಸ್ ಮಾಡುತ್ತದೆ. ತಾಮ್ರದ ಪುಡಿ ಬೆರೆಸಿದ ಗ್ರೀಸ್ ಬೇಡ. ಅಲ್ಯೂಮಿನಿಯಂ ಪಕ್ಕಕ್ಕೆ ಮತ್ತೊಂದು ಪರಕೀಯ ಲೋಹವನ್ನು ತಂದು ಕೂರಿಸಿದಂತಾಗುತ್ತದೆ. ಎಂಜಿನ್ನಿಗೆ ಕಟ್ಟಿರುವ ಸತುವಿನ ಗಟ್ಟಿ ತಾನು ಸವೆದು ಹೊರಮೈಯನ್ನು ಕಾಯುತ್ತದೆ ನಿಜ, ಆದರೆ ಥ್ರೆಡ್ಡಿನ ಆಳದ ಸಂದಿಯವರೆಗೆ ಅದರ ಕಾವಲು ಚೆನ್ನಾಗಿ ತಲುಪುವುದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ, ಎಂಜಿನ್ ಚೆನ್ನಾಗಿ ಓಡುತ್ತಿರುವಾಗಲೇ, ಈ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಮರಳಿ ಹಾಕಬೇಕು. ಬಿಗಿಯುವಾಗ ಒಂದು ಎಚ್ಚರ: ಗ್ರೀಸ್ ಹಚ್ಚಿದ ಥ್ರೆಡ್ಡಿನಲ್ಲಿ ಘರ್ಷಣೆ ಕಡಿಮೆ, ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಎಳೆತಕ್ಕೆ ಒಳಗಾಗುತ್ತದೆ. ಕೈಪಿಡಿಯಲ್ಲಿರುವ ಅಂಕಿ ಒಣ ಥ್ರೆಡ್ಡಿನದಾಗಿದ್ದರೆ ಅದಕ್ಕಿಂತ ಕಡಿಮೆಗೇ ಕೈ ನಿಲ್ಲಿಸಬೇಕು.