ಅರವತ್ತಕ್ಕೂ ಮುಂಚಿನ ಅರಳು ಮರಳು

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಅದಕ್ಕೇ ಮನೆಯಲ್ಲಿ ಆಡೋ ಕನ್ನಡದಲ್ಲೇ ಬರೀತಿದೀನಿ, ತಪ್ಪಿದ್ರೆ ತಿದ್ದಿ ಓದ್ಕೊಳ್ಳಿ. ಈ ಲೇಖನ ಅಲ್ಝೈಮರ್ ಕಾಯಿಲೆ ಬಗ್ಗೆ, ಅದರಲ್ಲೂ 65 ವರ್ಷಕ್ಕಿಂತ ಮುಂಚೆ ಶುರುವಾಗೋ ಅಲ್ಝೈಮರ್ ಬಗ್ಗೆ. ನಮ್ಮ ದೊಡ್ಡಪ್ಪನಿಗೆ ಇದು ಬಂದಿದೆ. ದೊಡ್ಡಮ್ಮನನ್ನು ಕೇಳಿಯೇ ಬರೀತಿದೀನಿ. "ಹೆಸರು ಮಾತ್ರ ಹಾಕ್ಬೇಡ, ಉಳಿದಿದ್ದೆಲ್ಲ ಬರಿ. ಇನ್ನೊಬ್ಬರಿಗಾದ್ರೂ ಬೇಗ ಗೊತ್ತಾಗ್ಲಿ" ಅಂದ್ರು.

ಗೆರೆ ಕೂಡಲಿಲ್ಲ

ನಮ್ಮದು ಭದ್ರಾವತಿಯ ಜನ್ನಾಪುರ. ನಮ್ಮೂರಲ್ಲಿ ಒಬ್ಬರ ಪರಿಚಯ ಅಂದ್ರೆ ಮೊದಲು ಅವರ ಕೆಲಸ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗಿಂದ, ಆಮೇಲೆ 1936ರಲ್ಲಿ ಪೇಪರ್ ಮಿಲ್ ಬಂದಾಗಿಂದ "ವಿಐಎಸ್ಎಲ್ ಅವರಾ, ಎಂಪಿಎಂ ಅವರಾ?" ಅಂತಾನೇ ಕೇಳ್ತಾರೆ. ದೊಡ್ಡಪ್ಪ ಇವೆರಡರಲ್ಲೂ ಇರಲಿಲ್ಲ. ಒಂದು ಸಣ್ಣ ಖಾಸಗಿ ವರ್ಕ್‌ಶಾಪಿನಲ್ಲಿ 26 ವರ್ಷ ಟರ್ನರ್ ಆಗಿದ್ರು. ಬೀದಿಯಲ್ಲಿ ಎಲ್ಲರಿಗೂ ಅವರು "ಲೇತ್‌ನವರು".

ನನಗೆ ವರ್ನಿಯರ್ ಕ್ಯಾಲಿಪರ್ ಓದೋಕೆ ಕಲಿಸಿದ್ದು ಅವರೇ, ನಾನು ಎಂಟನೇ ಕ್ಲಾಸಲ್ಲಿದ್ದಾಗ. ಮೂರು ವರ್ಷದ ಹಿಂದೆ, ಫಸ್ಟ್ ಪಿಯುಸಿಯಲ್ಲಿ ಫಿಸಿಕ್ಸ್ ಪ್ರಾಕ್ಟಿಕಲ್‌ಗೆ ಅಭ್ಯಾಸ ಮಾಡೋಣ ಅಂತ ಅವರ ವರ್ನಿಯರ್ ಈಸ್ಕೊಂಡೆ. ಒಂದು ರೀಡಿಂಗ್ ಸರಿ ಇದೆಯಾ ನೋಡಿ ಅಂತ ಅವರ ಕೈಗೆ ಕೊಟ್ಟೆ. ಮೇನ್ ಸ್ಕೇಲ್ ಹೇಳಿದ್ರು. ವರ್ನಿಯರ್‌ನಲ್ಲಿ ಯಾವ ಗೆರೆ ಕೂಡುತ್ತೆ ಅಂತ ತುಂಬಾ ಹೊತ್ತು ನೋಡಿದ್ರು. ಬಾಗಿಲ ಹತ್ರ ಬೆಳಕಿಗೆ ಹೋದ್ರು. "ಎಲ್ಲಾ ಗೆರೆನೂ ಒಂದೇ ತರ ಇದೆಯಲ್ಲ ಪುಟ್ಟ" ಅಂದ್ರು. ನಾನು ನಕ್ಕೆ. "ದೊಡ್ಡಪ್ಪ, ವಯಸ್ಸಾಯ್ತು ನಿಮಗೆ, ಕನ್ನಡಕ ಬದಲಾಯಿಸಿ" ಅಂದೆ. ಆಗ ಅವರಿಗೆ 51.

ಕನ್ನಡಕ ಎರಡು ಸಲ ಬದಲಾಯಿಸಿದ್ವಿ. ಕಣ್ಣು ಸರಿ ಇದೆ ಅಂತಾನೇ ಡಾಕ್ಟರ್ ಹೇಳಿದ್ರು. ಆದ್ರೆ ಮುಂದೆ ಇಟ್ಟ ಕಾಫಿ ಲೋಟ ಅವರಿಗೆ ಕಾಣ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಕತ್ತಲಲ್ಲಿ ನಡೆಯೋರ ಹಾಗೆ ಕಾಲಿಂದ ತಡವ್ತಿದ್ರು. ವರ್ಕ್‌ಶಾಪಿನಲ್ಲಿ ಜಾಬ್‌ಗಳು ರಿಜೆಕ್ಟ್ ಆಗೋಕೆ ಶುರುವಾದ್ವು. ಅವರನ್ನ ಲೇತ್ ಬಿಡಿಸಿ ಸಾಮಾನು ಎತ್ತಿಡೋ ಕೆಲಸಕ್ಕೆ ಹಾಕಿದ್ರು. ಕೆಲವರು "ಕುಡಿಯೋಕೆ ಕಲಿತಿರ್ಬೇಕು" ಅಂದ್ರು. 2015ರಲ್ಲಿ ಪೇಪರ್ ಮಿಲ್ಲಿನ ಉತ್ಪಾದನೆ ನಿಂತ ಮೇಲೆ ಕೆಲಸ ಹೋದ ಗಂಡಸರು ಮನೆಯಲ್ಲಿ ಮಂಕಾಗಿ ಕೂತಿದ್ದನ್ನ ನಮ್ಮೂರು ನೋಡಿದೆ. ಇದೂ ಹಾಗೇ, ಟೆನ್ಷನ್ ಇರ್ಬೇಕು ಅಂತ ನಾವು ಅಂದ್ಕೊಂಡ್ವಿ. ನಿಜವಾದ ಹೆಸರು ಗೊತ್ತಾಗೋಕೆ ಒಂದೂವರೆ ವರ್ಷ ಹಿಡೀತು.

ಕಾಯಿಲೆ ಸಿಕ್ಕಿದ್ದೇ 51ರ ಹೆಂಗಸಲ್ಲಿ

ಯಾಕೆ ಅಷ್ಟು ತಡ? ನಮ್ಮ ಗಾದೆಯಲ್ಲೇ ವಯಸ್ಸು ಬರೆದಿಟ್ಟಿದೀವಿ: ಅರವತ್ತಕ್ಕೆ ಅರಳು ಮರಳು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾ ನೋಡಿದವರಿಗೂ ಅಲ್ಝೈಮರ್ ಅಂದ್ರೆ ನೆನಪಾಗೋದು ನರೆತ ಕೂದಲಿನ ಅನಂತ್ ನಾಗ್. ಡ್ಯೂಟಿಗೆ ಹೋಗಿ ಬರ್ತಿರೋ, ಮಗಳ ಓದಿನ ಸಾಲ ಕಟ್ತಿರೋ ಗಂಡಸಿನ ಮುಖ ನೆನಪಾಗಲ್ಲ.

ತಮಾಷೆ ಏನಂದ್ರೆ ಈ ಕಾಯಿಲೆ ಮೊದಲು ಗುರುತಾಗಿದ್ದೇ ಮುದುಕರಲ್ಲಿ ಅಲ್ಲ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಆಗುಸ್ಟ ಡೇಟರ್ ಅನ್ನೋ ಹೆಂಗಸನ್ನ ಸೇರಿಸಿದ್ರು. ಅವರಿಗೆ ಆಗ 51 ವರ್ಷ. ನೋಡ್ಕೊಂಡ ಡಾಕ್ಟರ್ ಅಲೋಯಿಸ್ ಅಲ್ಝೈಮರ್ ಅವರ ಮಾತನ್ನೆಲ್ಲ ಬರೆದಿಟ್ಟಿದ್ರು. ಗಂಡನ ಹೆಸರು ಕೇಳಿದ್ರೆ ಆಕೆ ತನ್ನ ಹೆಸರನ್ನೇ ಹೇಳ್ತಿದ್ರು. ಹೆಸರು ಬರಿ ಅಂದ್ರೆ ಬರೆಯೋಕೆ ಆಗ್ತಿರಲಿಲ್ಲ. ತನ್ನನ್ನೇ ಕಳ್ಕೊಂಡುಬಿಟ್ಟಿದೀನಿ ಅನ್ನೋ ಅರ್ಥದ ಮಾತು ಹೇಳ್ತಿದ್ರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನ ಪರೀಕ್ಷೆ ಮಾಡಿ, ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗೆನ್‌ನಲ್ಲಿ ಅಲ್ಝೈಮರ್ ವರದಿ ಕೊಟ್ರು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಪುಸ್ತಕದಲ್ಲಿ ಕಾಯಿಲೆಗೆ ಈ ಹೆಸರಿಟ್ರು. ಆಮೇಲೆ ಎಷ್ಟೋ ದಶಕ ಅಲ್ಝೈಮರ್ ಅಂದ್ರೆ ನಡುವಯಸ್ಸಿನವರ ಕಾಯಿಲೆ ಅಂತಾನೇ ಲೆಕ್ಕ ಇತ್ತು. ಮುದುಕರಿಗೆ ಬರೋದೂ ಇದೇ ಅಂತ ಒಪ್ಪಿಕೊಂಡಿದ್ದು ಆಮೇಲೆ.

ಎಷ್ಟು ಜನಕ್ಕೆ ಬರುತ್ತೆ? 2021ರಲ್ಲಿ ಬಂದ ಒಂದು ಅಂದಾಜಿನ ಪ್ರಕಾರ ಜಗತ್ತಿನಲ್ಲಿ 30ರಿಂದ 64 ವಯಸ್ಸಿನ ಒಂದು ಲಕ್ಷ ಜನರಲ್ಲಿ ಸುಮಾರು 119 ಜನಕ್ಕೆ ಯಾವುದೋ ಒಂದು ಬಗೆಯ ಡಿಮೆನ್ಷಿಯಾ ಇರುತ್ತೆ. ಅದರಲ್ಲಿ ಜಾಸ್ತಿ ಅಲ್ಝೈಮರ್. ಅಪರೂಪ, ಹೌದು. ಆದ್ರೆ ಇಲ್ಲವೇ ಇಲ್ಲ ಅನ್ನೋವಷ್ಟಲ್ಲ.

ಕ್ಯಾಮೆರಾ ಸರಿ ಇದೆ, ಪ್ರೊಸೆಸರ್ ಕೈಕೊಟ್ಟಿದೆ

ಒಳಗೆ ಏನಾಗುತ್ತೆ ಅಂತ ನೋಡೋಣ. ಅಮೈಲಾಯ್ಡ್ ಬೀಟಾ ಅನ್ನೋ ಪ್ರೋಟೀನ್ ಚೂರುಗಳು ನರಕೋಶಗಳ ಹೊರಗೆ ಗಂಟು ಕಟ್ಟುತ್ತೆ. ಟೌ ಅನ್ನೋ ಇನ್ನೊಂದು ಪ್ರೋಟೀನ್ ಕೋಶದ ಒಳಗೆ ಸಿಕ್ಕುಸಿಕ್ಕಾಗುತ್ತೆ. ಕೋಶಗಳ ನಡುವಿನ ಸಂಪರ್ಕ ಕಡಿದು, ನಿಧಾನಕ್ಕೆ ಕೋಶಗಳೇ ಸಾಯ್ತಾವೆ. ಇದು ಲಕ್ಷಣ ಕಾಣೋಕೆ 15–20 ವರ್ಷ ಮುಂಚೆಯೇ ಶುರುವಾಗಿರುತ್ತೆ. ಅಂದ್ರೆ ದೊಡ್ಡಪ್ಪ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಜಾತ್ರೆ ತೋರಿಸ್ತಿದ್ದಾಗಲೇ ಅದು ಒಳಗಿತ್ತು.

ವಯಸ್ಸಾದವರಲ್ಲಿ ಸಾಮಾನ್ಯವಾಗಿ ಹಿಪೊಕ್ಯಾಂಪಸ್ ಮೊದಲು ಕೆಡುತ್ತೆ, ಅದು ಹೊಸ ನೆನಪುಗಳನ್ನ ಕೂಡಿಡೋ ಜಾಗ. ಹಾಗಾಗಿ ಮರೆವು ಮೊದಲು ಕಾಣುತ್ತೆ. ಚಿಕ್ಕ ವಯಸ್ಸಲ್ಲಿ ಬಂದಾಗ ಬೇರೆ ಜಾಗದಿಂದ ಶುರುವಾಗೋ ಸಾಧ್ಯತೆ ಜಾಸ್ತಿ: ಮಾತು ತಡವರಿಸಬಹುದು, ಲೆಕ್ಕ ತಪ್ಪಬಹುದು, ಸ್ವಭಾವ ಬದಲಾಗಬಹುದು. ದೊಡ್ಡಪ್ಪನದು ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೋಫಿ ಅನ್ನೋ ಬಗೆ. ಮೆದುಳಿನ ಹಿಂಭಾಗ, ಕಣ್ಣಿಂದ ಬಂದಿದ್ದನ್ನ ಅರ್ಥ ಮಾಡ್ಕೊಳ್ಳೋ ಭಾಗ, ಮೊದಲು ಸೊರಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕ್ಯಾಮೆರಾ ಸರಿ ಇದೆ, ಇಮೇಜ್ ಪ್ರೊಸೆಸಿಂಗ್ ಕೈಕೊಟ್ಟಿದೆ. ಇಂಗ್ಲೆಂಡಿನ ಕಾದಂಬರಿಕಾರ ಟೆರ್ರಿ ಪ್ರಾಟ್ಚೆಟ್‌ಗೆ 2007ರಲ್ಲಿ, 59ನೇ ವಯಸ್ಸಿಗೆ ಗೊತ್ತಾಗಿದ್ದೂ ಇದೇ ಬಗೆ. ಟೈಪ್ ಮಾಡೋಕೆ ಆಗದೇ ಹೋದಾಗ ಅವರು ಬಾಯಲ್ಲಿ ಹೇಳಿ ಬರೆಸಿದ್ರು, ಇನ್ನೂ ಹಲವು ಪುಸ್ತಕ ತಂದ್ರು.

ಈ ಬಗೆಯಲ್ಲಿ ಮೊದಮೊದಲು ನೆನಪು ಚೆನ್ನಾಗೇ ಇರುತ್ತೆ. ಅಂದ್ರೆ ತನಗೆ ಏನಾಗ್ತಿದೆ ಅಂತ ಆ ಮನುಷ್ಯನಿಗೆ ಪೂರ್ತಿ ಗೊತ್ತಿರುತ್ತೆ. "ಇಪ್ಪತ್ತಾರು ವರ್ಷ ಮಾಡಿದ ಕೆಲಸ ನನ್ನ ಕಣ್ಣೆದುರಿಗೇ ಹೋಗ್ತಿದೆ" ಅಂತ ದೊಡ್ಡಪ್ಪ ಒಂದೇ ಸಲ ಹೇಳಿದ್ದು. ಮತ್ತೆ ಹೇಳಲಿಲ್ಲ.

ಮನೆಯಲ್ಲಿ ಎಲ್ಲರ ಜಾಗ ಬದಲಾಯ್ತು

80 ವರ್ಷದ ಅಜ್ಜನಿಗೆ ಈ ಕಾಯಿಲೆ ಬಂದ್ರೆ ದುಃಖ ಆಗುತ್ತೆ. 52ಕ್ಕೆ ಬಂದ್ರೆ ಅದರ ಜೊತೆಗೆ ಮನೆಯ ಲೆಕ್ಕಾಚಾರವೇ ತಲೆಕೆಳಗಾಗುತ್ತೆ. ಸಂಬಳ ನಿಂತುಹೋಯ್ತು. ದೊಡ್ಡಮ್ಮ ಹಗಲು ಅವರನ್ನ ನೋಡ್ಕೊಂಡು, ರಾತ್ರಿ ಬ್ಲೌಸ್ ಹೊಲಿಯೋಕೆ ಶುರು ಮಾಡಿದ್ರು. ಗ್ಯಾಸ್ ಬುಕ್ ಮಾಡೋದ್ರಿಂದ ಹಿಡಿದು ಮನೆಯ ಕಂದಾಯ ಕಟ್ಟೋವರೆಗೆ ಎಲ್ಲಾ ಅವರದ್ದೇ. ಒಂದಿನ ಬ್ಯಾಂಕಿನಲ್ಲಿ ದೊಡ್ಡಪ್ಪನ ಸಹಿ ಹೊಂದಲ್ಲ ಅಂತ ಚೆಕ್ ವಾಪಸ್ ಕೊಟ್ರು. ಅಕ್ಷರಗಳು ಒಂದರ ಮೇಲೊಂದು ಹತ್ತಿದ್ವು. ದೊಡ್ಡಪ್ಪ ಕೌಂಟರ್ ಮುಂದೆ ನಿಂತು "ನಾನೇ ರೀ ಇದು, ನಾನೇ" ಅಂತಿದ್ರಂತೆ.

ಇಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಒಂದು ಕಾನೂನು ಇದೆ. ಪವರ್ ಆಫ್ ಅಟಾರ್ನಿ ಬರೆಸಿಟ್ರೆ ಸಾಕು ಅಂತ ಜನ ಅಂದ್ಕೋತಾರೆ. ಆದ್ರೆ 1872ರ ಕರಾರು ಕಾಯ್ದೆಯ ಸೆಕ್ಷನ್ 201ರ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತದಲ್ಲಿ ಇಲ್ಲದಾದಾಗ ಆ ಅಧಿಕಾರವೂ ಮುಗಿಯುತ್ತೆ. ಆಮೇಲೆ ಕೋರ್ಟಿಗೆ ಹೋಗ್ಬೇಕಾಗುತ್ತೆ. ಹಾಗಾಗಿ ಜಂಟಿ ಖಾತೆ, ನಾಮಿನಿ, ವಿಲ್ ಎಲ್ಲಾ ಅವರಿಗೆ ತಿಳುವಳಿಕೆ ಇರುವಾಗಲೇ, ಅವರನ್ನ ಕೇಳಿಯೇ ಮಾಡ್ಬೇಕು. ದೊಡ್ಡವರ ಮನೆಯಲ್ಲೂ ಇದು ಸುಲಭ ಅಲ್ಲ. ಮಂಗಳೂರಿನಲ್ಲಿ ಹುಟ್ಟಿ, 1974ರ ರೈಲ್ವೆ ಮುಷ್ಕರ ನಡೆಸಿದ ಜಾರ್ಜ್ ಫರ್ನಾಂಡಿಸ್ ಅವರಿಗೆ ಅಲ್ಝೈಮರ್ ಬಂದಿದ್ದು ವಯಸ್ಸಾದ ಮೇಲೆ. ಆದ್ರೂ ಅವರು ಯಾರ ಜೊತೆ ಇರ್ಬೇಕು, ಅವರನ್ನ ಯಾರು ನೋಡಬಹುದು ಅನ್ನೋ ಜಗಳ ದೆಹಲಿ ಹೈಕೋರ್ಟಿಗೆ ಹೋಯ್ತು. ಲಕ್ಷಾಂತರ ಕಾರ್ಮಿಕರ ಪರವಾಗಿ ಮಾತಾಡಿದವರ ಪರವಾಗಿ ಬೇರೆಯವರು ವಾದ ಮಾಡ್ಬೇಕಾಯ್ತು.

ಇನ್ನೊಂದು ತೊಂದರೆ: ಸಹಾಯ ಎಲ್ಲಾ 60ರಿಂದ ಶುರುವಾಗುತ್ತೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಹಿರಿಯ ನಾಗರಿಕ ಅಂದ್ರೆ 60 ತುಂಬಿದವರು. 14567 ಎಲ್ಡರ್‌ಲೈನ್ ಕೂಡ ಹಿರಿಯರಿಗೇ ಇರೋದು. ದೊಡ್ಡಪ್ಪನಿಗೆ ಈಗ 54. ಗಾದೆ ಮಾತ್ರ ಅಲ್ಲ, ಫಾರಂಗಳೂ ಅರವತ್ತಕ್ಕೇ ಕಾಯ್ತಾವೆ.

"ನನಗೂ ಬರುತ್ತಾ?"

ದೊಡ್ಡಪ್ಪನ ಮಗಳು, ಅಂದ್ರೆ ನಮ್ಮ ಅಕ್ಕ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಮದುವೆ ಮಾತು ನಡೀತಿದೆ. "ಗಂಡಿನ ಕಡೆಯವರಿಗೆ ಹೇಳೋದಾ ಬೇಡ್ವಾ?" ಅಂತ ಮನೆಯಲ್ಲಿ ಮೂರು ದಿನ ಚರ್ಚೆ. ಕೊನೆಗೆ ಅಕ್ಕ ಡಾಕ್ಟರ್ ಹತ್ರ ನೇರವಾಗಿ ಕೇಳಿದ್ಲು: ನನಗೂ ಬರುತ್ತಾ?

ಉತ್ತರ ಹೀಗಿದೆ. ಎಪಿಪಿ, ಪಿಎಸ್ಇಎನ್1, ಪಿಎಸ್ಇಎನ್2 ಅನ್ನೋ ಮೂರು ಜೀನ್‌ಗಳಲ್ಲಿ ಒಂದರಲ್ಲಿ ಕೆಟ್ಟ ಬದಲಾವಣೆ ಇದ್ರೆ ಈ ಕಾಯಿಲೆ ನೇರವಾಗಿ ವಂಶದಲ್ಲಿ ಇಳಿಯುತ್ತೆ. ತಂದೆಗೋ ತಾಯಿಗೋ ಇದ್ರೆ ಪ್ರತಿ ಮಗುವಿಗೂ 50% ಸಾಧ್ಯತೆ. ಆದ್ರೆ ಚಿಕ್ಕ ವಯಸ್ಸಲ್ಲಿ ಅಲ್ಝೈಮರ್ ಬಂದವರಲ್ಲೂ ಈ ಜೀನ್ ಇರೋದು ಸುಮಾರು ಹತ್ತರಲ್ಲಿ ಒಬ್ಬರಿಗೆ, ಅಥವಾ ಅದಕ್ಕಿಂತ ಕಮ್ಮಿ. ಅಂಥ ಮನೆತನಗಳಲ್ಲಿ ಸಾಮಾನ್ಯವಾಗಿ ತಲೆಮಾರಿಂದ ತಲೆಮಾರಿಗೆ ಹಲವರಿಗೆ ಬಂದಿರುತ್ತೆ. ನಮ್ಮಲ್ಲಿ ಹಾಗಿಲ್ಲ. ದೊಡ್ಡಪ್ಪನ ಬಗೆಯಲ್ಲಂತೂ ಈ ಜೀನ್ ಕಾರಣ ಆಗೋದು ಅಪರೂಪ. ಟೆಸ್ಟ್ ಮಾಡಿಸೋದು ಬಿಡೋದು ಅವರವರ ಇಷ್ಟ, ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಆಗ್ಬೇಕು. ಅಕ್ಕ ಟೆಸ್ಟ್ ಬೇಡ ಅಂದ್ಲು, ಗಂಡಿನ ಕಡೆಯವರಿಗೆ ಎಲ್ಲಾ ಹೇಳಿದ್ಲು. ಅವರು ಇನ್ನೂ ಏನೂ ಹೇಳಿಲ್ಲ.

ಇಷ್ಟೆಲ್ಲ ತಿಳ್ಕೊಂಡ ಮೇಲೂ, ಮೊನ್ನೆ ನಮ್ಮಪ್ಪ ಸ್ಕೂಟರ್ ಕೀ ಎಲ್ಲಿಟ್ಟೆ ಅಂತ ಹುಡುಕುವಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಕೀ ಜೇಬಲ್ಲೇ ಇತ್ತು.

ಏನು ಮಾಡಬಹುದು

ಮೊದಲು ತೋರಿಸಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಇದೇ ತರ ಲಕ್ಷಣ ಬರಬಹುದು, ಅವಕ್ಕೆ ಚಿಕಿತ್ಸೆ ಇದೆ. ಅಲ್ಝೈಮರ್ ವಾಸಿ ಮಾಡೋ ಔಷಧಿ ಇನ್ನೂ ಇಲ್ಲ. ಡೋನೆಪೆಜಿಲ್ ತರದ ಮಾತ್ರೆಗಳು ಕೆಲವರಿಗೆ ಸ್ವಲ್ಪ ಕಾಲ ಸಹಾಯ ಮಾಡ್ತಾವೆ. ಹೊಸ ಲೆಕಾನೆಮ್ಯಾಬ್, ಡೋನಾನೆಮ್ಯಾಬ್ ಇಂಜೆಕ್ಷನ್‌ಗಳು ಆರಂಭದ ಹಂತದಲ್ಲಿ ವೇಗವನ್ನ ಸ್ವಲ್ಪ ತಗ್ಗಿಸ್ತಾವೆ, ಅಷ್ಟೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಕಾಯಿಲೆಗಳನ್ನ ನೋಡೋ ತಜ್ಞರಿದ್ದಾರೆ. ನೋಡ್ಕೊಳ್ಳೋರ ಮನಸ್ಸು ಸೋತಾಗ 14416ಕ್ಕೆ, ಅಂದ್ರೆ ಟೆಲಿ ಮಾನಸ್‌ಗೆ, ಕನ್ನಡದಲ್ಲೇ ಮಾತಾಡಬಹುದು.

ಇದೆಲ್ಲಕ್ಕಿಂತ ಸುಲಭವಾದದ್ದು ಒಂದಿದೆ. ಮನೆಗೆ ಬಂದ ನೆಂಟರೆಲ್ಲ ದೊಡ್ಡಪ್ಪನ ಮುಂದೆ ನಿಂತು "ನಾನ್ಯಾರು ಹೇಳಿ ನೋಡೋಣ?" ಅಂತಾರೆ. ಪ್ರೀತಿಯಿಂದಲೇ ಕೇಳೋದು. ಆದ್ರೆ ವೈವಾದಲ್ಲಿ ಎಕ್ಸ್‌ಟರ್ನಲ್ ಮುಂದೆ ಉತ್ತರ ಗೊತ್ತಿದ್ರೂ ಬಾಯಿ ಬರದೇ ನಿಂತಿದ್ದು ನೆನಪಿದೆಯಾ? ದೊಡ್ಡಪ್ಪನಿಗೆ ದಿನಾ ವೈವಾ, ಅದೂ ಸ್ವಂತ ಮನೆಯಲ್ಲಿ. ಮುಖ ಗುರುತು ಸಿಗದೇ ಅವರು ತಲೆ ತಗ್ಗಿಸ್ತಾರೆ. ಧ್ವನಿ ಕೇಳಿದ್ರೆ, ಹೆಸರು ಹೇಳಿದ್ರೆ ಈಗಲೂ ಗೊತ್ತಾಗುತ್ತೆ. ಹಾಗಾಗಿ ಈಗ ನಾವು ಬಾಗಿಲಲ್ಲೇ ಹೇಳಿಬಿಡ್ತೀವಿ: "ದೊಡ್ಡಪ್ಪ, ನಾನು, ನಿಮ್ಮ ತಮ್ಮನ ಮನೆಯಿಂದ ಬಂದೆ." ತಕ್ಷಣ "ಬಾ ಪುಟ್ಟ, ಕಾಲೇಜು ರಜಾನಾ?" ಅಂತಾರೆ.

ಕಳೆದ ಆಯುಧಪೂಜೆಗೆ ದೊಡ್ಡಮ್ಮ ಅವರ ಹಳೇ ಮೈಕ್ರೋಮೀಟರ್ ಡಬ್ಬಿಯನ್ನ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದ್ರು. ಪೂಜೆ ಆದ ಮೇಲೆ ನಾನು ಅದನ್ನ ದೊಡ್ಡಪ್ಪನ ಕೈಗೆ ಕೊಟ್ಟೆ, ಜೊತೆಗೆ ಒಂದು ಬೋಲ್ಟ್. ಕೊಡಬಾರದಿತ್ತೇನೋ ಅಂತ ಆಮೇಲೆ ಭಯ ಆಯ್ತು. ಅವರು ನೋಡೋಕೆ ಹೋಗಲೇ ಇಲ್ಲ. ಬೆರಳಲ್ಲೇ ಬೋಲ್ಟನ್ನ ನಡುವೆ ಕೂರಿಸಿ ರ‍್ಯಾಚೆಟ್ ತಿರುಗಿಸಿದ್ರು. ಟಿಕ್, ಟಿಕ್, ಟಿಕ್. ಮೂರಕ್ಕೆ ನಿಲ್ಲಿಸಿದ್ರು, ಜಾಸ್ತಿ ಬಿಗಿ ಮಾಡಬಾರದು ಅಂತ ನನಗೆ ಕಲಿಸಿದ್ದ ಹಾಗೇ. ಆಮೇಲೆ ನನ್ನ ಕಡೆ ಚಾಚಿ "ಓದು" ಅಂದ್ರು.

ನಾನು ಓದಿದೆ. 9.87.

"ಸರಿ ಇರ್ಬೇಕು" ಅಂದ್ರು. ಈಗ ಊರಿಗೆ ಹೋದಾಗಲೆಲ್ಲ ನಮ್ಮದು ಇದೇ ಕೆಲಸ. ಅವರು ತಿರುಗಿಸ್ತಾರೆ, ನಾನು ಓದ್ತೀನಿ.